ರಜೆಯ ವಿಜ್ಞಾನ ಶಿಬಿರ ಬಿಟ್ಟು ಶಾಲೆಯ ಲೈಬ್ರರಿ ಹೊಣೆ ಹೊರಲಾ?

ನೆರಳುಕೋಲು

ಆರು ವರ್ಷದಿಂದ ಸೀಸನ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ರಜೆ ಬಂದರೆ ವಿಜ್ಞಾನ ಶಿಬಿರ, ಮಳೆ ಬಿದ್ದರೆ ಕೀಟ ಮತ್ತು ಹೊಂಡದ ನೀರಿನ ಪಾಠ, ಆಕಾಶ ತಿಳಿಯಾದರೆ ನಕ್ಷತ್ರ ತೋರಿಸುವ ರಾತ್ರಿಗಳು. ನಡುವೆ ಖಾಲಿ. ಖಾಲಿ ಅಂದರೆ ಸಂಬಳಕ್ಕೆ ಮಾತ್ರ ಖಾಲಿ. ಮುಂದಿನ ಶಿಬಿರಕ್ಕೆ ರಟ್ಟು ಕತ್ತರಿಸುವುದು, ಭೂತಗನ್ನಡಿ ಒರೆಸುವುದು, ಒಡೆದ ಥರ್ಮಾಮೀಟರ್ ಎಣಿಸುವುದು ಎಲ್ಲ ನಡೆದೇ ಇರುತ್ತದೆ, ಅದಕ್ಕೆ ಯಾರೂ ಕಾಸು ಕೊಡುವುದಿಲ್ಲ.

ಈಗ ಒಂದು ಶಾಲೆಯವರು ಕರೆದಿದ್ದಾರೆ. ಲೈಬ್ರರಿಯ ಪೂರ್ತಿ ಹೊಣೆ. ಏನು ತರಿಸಬೇಕು, ಏನು ತೆಗೆಯಬೇಕು, ಯಾವ ತರಗತಿ ಯಾವಾಗ ಬರಬೇಕು ಎಲ್ಲ ನಾನೇ ನೋಡಬೇಕು. ವರ್ಷಪೂರ್ತಿ ಸಂಬಳ. ಮನೆಯವರು ಯೋಚನೆ ಏನು ಮಾಡ್ತೀಯ, ಹೋಗು ಅನ್ನುತ್ತಾರೆ.

ನನಗೆ ಅಳುಕು. ಬಯಲಲ್ಲಿ ಓಡಾಡಿದವನು ನಾನು, ನಾಲ್ಕು ಗೋಡೆ ಮಧ್ಯೆ ಕೂತು ಶ್ ಶ್ ಅನ್ನೋಕೆ ನನ್ನ ಕೈಲಿ ಆಗುತ್ತಾ? ಆದರೆ ಇನ್ನೊಂದು ವಿಷಯ ಕೊರೀತಾ ಇದೆ. ಕಳೆದ ಶಿಬಿರದಲ್ಲಿ ನೆಲಕ್ಕೆ ಕೋಲು ನೆಟ್ಟು, ಕಾಲು ಗಂಟೆಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿದ್ದೆ. ಹನ್ನೆರಡಕ್ಕೆ ನೆರಳು ಅತಿ ಚಿಕ್ಕದು ಅಂತ ಎಲ್ಲರೂ ಬಾಜಿ ಕಟ್ಟಿದ್ದರು. ಹನ್ನೆರಡಾಯಿತು, ನೆರಳು ಇನ್ನೂ ಕುಗ್ಗುತ್ತಲೇ ಇತ್ತು. ಒಬ್ಬಳು ಹುಡುಗಿ ಬಂದು "ಹಾಗಾದ್ರೆ ಗಡಿಯಾರ ತಪ್ಪಾ, ಸೂರ್ಯ ತಪ್ಪಾ?" ಅಂದಳು. ಅದು ಕೊನೆ ದಿನ. ಅಷ್ಟರಲ್ಲಿ ಬಸ್ ಬಂತು. ಅವಳ ಪ್ರಶ್ನೆಯೂ ಬಸ್ ಹತ್ತಿ ಹೋಯ್ತು. ಆರು ವರ್ಷದಲ್ಲಿ ಇಂಥ ಎಷ್ಟು ಪ್ರಶ್ನೆಗಳು ಬಸ್ ಹತ್ತಿದವೋ.

ಲೈಬ್ರರಿ ನಡೆಸಿದವರು, ವಿಜ್ಞಾನ ಹೇಳಿಕೊಡುವವರು ಇದ್ದರೆ ನೇರವಾಗಿ ಹೇಳಿ.

ಹಳೆ ಕಪಾಟು

ಇಪ್ಪತ್ತು ವರ್ಷ ಶಾಲಾ ಲೈಬ್ರರಿ ನೋಡಿಕೊಂಡವಳು. ಶ್ ಶ್ ಅನ್ನುವ ಚಿತ್ರ ಮೊದಲು ತಲೆಯಿಂದ ತೆಗೀರಿ. ನನ್ನ ಲೈಬ್ರರಿಯಲ್ಲಿ ಪೂರ್ತಿ ನಿಶ್ಶಬ್ದ ಇದ್ದದ್ದು ಪರೀಕ್ಷೆಯ ಹಿಂದಿನ ದಿನ ಮಾತ್ರ, ಆವತ್ತು ಯಾರೂ ಬರುತ್ತಿರಲಿಲ್ಲ.

ನಿಮ್ಮ ಅಳುಕು ಹೊಸದಲ್ಲ. ರಂಗನಾಥನ್ ಹೆಸರು ಕೇಳಿರುತ್ತೀರಿ. ಅವರು ಗಣಿತ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕ ಆದರು. ಸ್ವಲ್ಪ ದಿನಕ್ಕೇ ಒಂಟಿ ಕೂತು ಬೇಸರ ಹಿಡಿದು, ನನ್ನನ್ನು ಪಾಠಕ್ಕೇ ವಾಪಸ್ ಕಳಿಸಿ ಅಂತ ಹೋಗಿ ಕೇಳಿದರು. ಮೊದಲು ಲಂಡನ್‌ಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಆಮೇಲೆ ನೋಡೋಣ ಅಂತ ಒಪ್ಪಿಸಿದರು. ಹೋದರು, ಅಲ್ಲಿನ ಲೈಬ್ರರಿಗಳನ್ನು ಸುತ್ತಿದರು, ಹಿಂದೆ ಬಂದವರು ಪಾಠದ ಮಾತು ಎತ್ತಲಿಲ್ಲ. 1931ರಲ್ಲಿ ಐದು ಸೂತ್ರ ಬರೆದರು. ಮೊದಲನೆಯದು ಪುಸ್ತಕ ಇರುವುದು ಬಳಸಲಿಕ್ಕೆ. ಕೇಳಲು ಸಪ್ಪೆ, ಅಲ್ವಾ? ಆದರೆ ಎಷ್ಟು ಶಾಲೆಗಳಲ್ಲಿ ಇವತ್ತಿಗೂ ಗಾಜಿನ ಬೀರುವಿಗೆ ಬೀಗ ಹಾಕಿ, ಬೀಗದ ಕೈ ಕಳೆದುಹೋಗಬಾರದು ಅಂತ ಇನ್ನೊಂದು ಬೀರುವಿನಲ್ಲಿಟ್ಟು ಅದಕ್ಕೂ ಬೀಗ ಹಾಕಿರುತ್ತಾರೆ ಅನ್ನುವುದು ನನಗೆ ಗೊತ್ತು.

ನಿಮಗೆ ಕಷ್ಟ ಆಗುವುದು ಕೂರುವುದಲ್ಲ, ಪುಸ್ತಕ ಬಿಸಾಡುವುದು. ಹೊಣೆ ಅಂದರೆ ಅರ್ಧ ಅದೇ. ಮನುಷ್ಯ ಒಂದು ದಿನ ಚಂದ್ರನ ಮೇಲೆ ಕಾಲಿಡಬಹುದು ಅಂತ ಬರೆದ ಪುಸ್ತಕ ನನಗೆ ಸಿಕ್ಕಿತ್ತು. ಕಾಲಿಟ್ಟು, ಅಂದರೆ 1969 ಆಗಿ, ಎಷ್ಟೋ ದಶಕ ಕಳೆದಿತ್ತು. ಇನ್ನೂ ಕಪಾಟಿನಲ್ಲಿತ್ತು, ರಟ್ಟು ಹೊಸದರಂತೆ ಹೊಳೀತಿತ್ತು, ಯಾಕಂದರೆ ಯಾರೂ ಮುಟ್ಟಿರಲಿಲ್ಲ. ಕಥೆ ಪುಸ್ತಕ ಹಳೆಯದಾದರೆ ಚೆನ್ನ. ವಿಜ್ಞಾನದ ಪುಸ್ತಕ ಹಳೆಯದಾದರೆ ಮಗುವಿಗೆ ಸುಳ್ಳು ಹೇಳುತ್ತದೆ.

ಗೆದ್ದಲು

ಎಲ್ಲರೂ ಹೂವಿನ ಹಾರ ಹಿಡಿದು ನಿಂತಿದ್ದೀರಿ, ನಾನು ಸ್ವಲ್ಪ ಕಹಿ ಹೇಳುತ್ತೇನೆ.

ನಾನು ಇದೇ ಕೆಲಸಕ್ಕೆ ಸೇರಿ ಎರಡು ವರ್ಷಕ್ಕೆ ಬಿಟ್ಟವನು. ಹೆಸರಿಗೆ ಲೈಬ್ರರಿ ಮುಖ್ಯಸ್ಥ. ಯಾವುದಾದರೂ ಮೇಷ್ಟ್ರು ರಜೆ ಹಾಕಿದರೆ ಆ ತರಗತಿಗೆ ನಾನು. ಪಠ್ಯಪುಸ್ತಕದ ಕಟ್ಟು ಬಂದರೆ ಎಣಿಸಲು ನಾನು. ವಾರ್ಷಿಕೋತ್ಸವದ ಬಹುಮಾನದ ಪುಸ್ತಕಕ್ಕೆ ಬಣ್ಣದ ಕಾಗದ ಸುತ್ತಲು ನಾನು. ಮಳೆ ಬಂದರೆ ಆಟದ ಪೀರಿಯಡ್ ಲೈಬ್ರರಿಗೆ ಬರುತ್ತಿತ್ತು, ಚೆಂಡು ಸಮೇತ. ವರ್ಷದ ಕೊನೆಗೆ "ಮಕ್ಕಳು ಯಾಕೆ ಜಾಸ್ತಿ ಓದುತ್ತಿಲ್ಲ?" ಅಂತ ನನ್ನನ್ನೇ ಕೇಳಿದರು.

ಆದ್ದರಿಂದ ಒಪ್ಪುವ ಮೊದಲು ಬರಹದಲ್ಲಿ ತಗೊಳ್ಳಿ. ಪುಸ್ತಕಕ್ಕೆ ಅಂತಲೇ ವರ್ಷಕ್ಕೆ ಎಷ್ಟು ಹಣ, ಮತ್ತು ಅದನ್ನು ಖರ್ಚು ಮಾಡುವ ಕೊನೆ ಮಾತು ಯಾರದ್ದು. ಬದಲಿ ಪೀರಿಯಡ್‌ಗೆ ನಿಮ್ಮನ್ನು ಎಳೆಯಬಹುದಾ ಇಲ್ಲವಾ. ಪುಸ್ತಕ ಕಳೆದರೆ ನಿಮ್ಮ ಸಂಬಳದಿಂದ ಹಿಡಿಯುತ್ತಾರಾ. ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ. ಆದರೆ ಎಲ್ಲ ಬೀಗದ ಬೇರು ಅಲ್ಲೇ ಇದೆ. ಕಳೆದ ಪುಸ್ತಕಕ್ಕೆ ತಾನೇ ದಂಡ ತೆರಬೇಕಾದವನು ಯಾವ ಮಗುವಿಗೂ ಪುಸ್ತಕ ಕೊಡುವುದಿಲ್ಲ. ನಾನೂ ಕೊಡುತ್ತಿರಲಿಲ್ಲ. ಈಗ ನೆನೆದರೆ ನಾಚಿಕೆ ಆಗುತ್ತದೆ.

ಹಳೆ ಕಪಾಟು

ಗೆದ್ದಲು ಅವರ ಹೆಸರಿಗೇ ನನ್ನ ತಕರಾರು, ಮಾತಿಗಲ್ಲ. ಆ ಮೂರನೆಯದು ನೂರಕ್ಕೆ ನೂರು ಸರಿ. ಮಕ್ಕಳು ನಿಜವಾಗಿ ಬಳಸುವ ಲೈಬ್ರರಿಯಲ್ಲಿ ಒಂದಷ್ಟು ಪುಸ್ತಕ ಕಳೆದೇ ಕಳೆಯುತ್ತವೆ. ಒಂದೂ ಕಳೆದಿಲ್ಲ ಅಂದರೆ ನನಗೆ ಅನುಮಾನ.

ಓದುತ್ತಿಲ್ಲ ಅನ್ನುವ ಮಾತಿಗೆ ಒಂದು ಉಪಾಯ. ಬರೀ ಮನೆಗೆ ಹೋದ ಪುಸ್ತಕ ಎಣಿಸಿದರೆ ಲೆಕ್ಕ ಯಾವಾಗಲೂ ಕಡಿಮೆಯೇ. ಓದಿದ ಪುಸ್ತಕ ಕಪಾಟಿಗೆ ವಾಪಸ್ ಇಡಬೇಡಿ, ಮೇಜಿನ ಮೇಲೆ ಬಿಡಿ ಅಂತ ಬೋರ್ಡ್ ಹಾಕಿ. ಸಂಜೆ ಎಣಿಸಿ ಬರೆದು, ಆಮೇಲೆ ಜೋಡಿಸಿ. ಅಲ್ಲೇ ಕೂತು ಓದಿದ್ದು, ಸುಮ್ನೆ ಚಿತ್ರ ನೋಡಿದ್ದು ಎಲ್ಲ ಲೆಕ್ಕಕ್ಕೆ ಬರುತ್ತದೆ. ನಾನು ಇದನ್ನು ಶುರು ಮಾಡಿದ ಮೇಲೇ ಹಾವಿನ ಪುಸ್ತಕಗಳು ದಿನಾ ಮೇಜಿನ ಮೇಲಿರುತ್ತವೆ, ಆದರೆ ಯಾರೂ ಮನೆಗೆ ಒಯ್ಯುವುದಿಲ್ಲ ಅಂತ ತಿಳಿದದ್ದು. ಕೇಳಿದರೆ ಒಬ್ಬ ಹೇಳಿದ, "ಅಮ್ಮ ಆ ಪುಸ್ತಕ ಮನೆ ಒಳಗೆ ಬಿಡಲ್ಲ ಮೇಡಂ."

ಎಂಟನೇ ಪೀರಿಯಡ್

ಭೌತಶಾಸ್ತ್ರದವನು. ಮೊದಲು ಆ ಹುಡುಗಿಯ ಪ್ರಶ್ನೆಗೆ ಉತ್ತರ. ಯಾರ ತಪ್ಪೂ ಅಲ್ಲ. ಒಂದು ದೊಡ್ಡ ಪ್ರದೇಶಕ್ಕೆಲ್ಲ ಒಂದೇ ರೇಖಾಂಶದ ಸಮಯ ಹಿಡಿದಿರುತ್ತೇವೆ. ಆ ರೇಖೆಯಿಂದ ಒಂದು ಡಿಗ್ರಿ ಪಶ್ಚಿಮಕ್ಕೆ ಹೋದರೆ ಸೂರ್ಯ ನೆತ್ತಿಗೆ ಬರುವುದು 4 ನಿಮಿಷ ತಡ. ಅದರ ಮೇಲೆ ಭೂಮಿಯ ಓಟ ವರ್ಷಪೂರ್ತಿ ಒಂದೇ ವೇಗದ್ದಲ್ಲ, ಅಕ್ಷವೂ ವಾಲಿದೆ. ಹಾಗಾಗಿ ಬಿಸಿಲಿನ ಗಡಿಯಾರ ನಮ್ಮ ಗಡಿಯಾರಕ್ಕಿಂತ ನವೆಂಬರ್ ಮೊದಲಿಗೆ ಸುಮಾರು 16 ನಿಮಿಷ ಮುಂದೆ ಇರುತ್ತದೆ, ಫೆಬ್ರವರಿ ನಡುವೆ ಸುಮಾರು 14 ನಿಮಿಷ ಹಿಂದೆ.

ಈಗ ನಿಜವಾದ ವಿಷಯ. ನೀವು ಆರು ವರ್ಷ ಋತುಗಳ ಪಾಠ ಮಾಡಿದ್ದೀರಿ, ಆದರೆ ಒಂದು ಋತುವನ್ನೂ ಮಕ್ಕಳಿಗೆ ತೋರಿಸಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಹತ್ತು ದಿನದ ಶಿಬಿರದಲ್ಲಿ ಅದು ಸಾಧ್ಯವೇ ಇಲ್ಲ. ಋತು ಕಾಣಬೇಕಾದರೆ ವರ್ಷ ಬೇಕು, ನೋಡುವವರು ಒಂದೇ ಕಡೆ ಇರಬೇಕು. ತರಗತಿ ಮೇಷ್ಟ್ರಾದ ನನಗೂ ಆಗುವುದಿಲ್ಲ. ನನ್ನ ಪೀರಿಯಡ್ ಮುಗಿದರೆ ಆ ಕೋಣೆ ಸಮಾಜ ವಿಜ್ಞಾನದವರದ್ದು, ನಾನು ಬರೆದ ಚಿತ್ರ ಅವರ ಡಸ್ಟರ್‌ಗೆ. ಶಾಲೆಯಲ್ಲಿ ವರ್ಷಪೂರ್ತಿ ಜಾಗ ಬದಲಾಗದ ಕೋಣೆ, ಎಲ್ಲ ತರಗತಿಯವರೂ ಬರುವ ಕೋಣೆ ಒಂದೇ. ಅದನ್ನು ನಿಮ್ಮ ಕೈಗೆ ಕೊಡುತ್ತಿದ್ದಾರೆ!

ಬೆಳಗ್ಗೆ ಬಿಸಿಲು ಬೀಳುವ ಕಿಟಕಿ ಹುಡುಕಿ. ಗಾಜಿಗೆ ಕಪ್ಪು ಕಾಗದ ಅಂಟಿಸಿ, ನಡುವೆ ಬಟಾಣಿ ಗಾತ್ರದ ತೂತು. ನೆಲದ ಮೇಲೆ ಬಿಸಿಲಿನ ದುಂಡು ಚುಕ್ಕೆ ಬೀಳುತ್ತದೆ. ವಾರಕ್ಕೊಂದು ಸಲ, ಅದೇ ಗಡಿಯಾರದ ಹೊತ್ತಿಗೆ, ಚುಕ್ಕೆಯ ನಡುವೆ ಬಣ್ಣದ ಸಣ್ಣ ಸ್ಟಿಕ್ಕರ್. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುವ ದೇಶವಾದರೆ ಆ ಗಂಟೆ ಕಳೆಯುವುದು ಮರೆಯಬೇಡಿ. ವರ್ಷ ತುಂಬಿದರೆ ನೆಲದ ಮೇಲೆ ಉದ್ದನೆಯ ಇಂಗ್ಲಿಷ್ 8 ಇರುತ್ತದೆ. ಆ ಹುಡುಗಿಯ ಗಡಿಯಾರವೂ ಸೂರ್ಯನೂ ಎರಡೂ ಅದರಲ್ಲಿ ಇರುತ್ತವೆ. ಉದ್ದಕ್ಕೆ ಕಾರಣ ಅಕ್ಷದ 23.5 ಡಿಗ್ರಿ ವಾಲಿಕೆ. ಹೊಟ್ಟೆ ಬಂದದ್ದು ನಾನು ಮೇಲೆ ಹೇಳಿದ ನಿಮಿಷಗಳ ಏರುಪೇರಿನಿಂದ.

ನೆರಳುಕೋಲು

ಒಂದು ಋತುವನ್ನೂ ತೋರಿಸಿಲ್ಲ ಅಂದದ್ದು ಚುಚ್ಚಿತು. ರಾತ್ರಿ ಯೋಚನೆ ಮಾಡಿದೆ. ನಿಜ.

ಶಿಬಿರದಲ್ಲಿ ನಾನು ಮಾಡುತ್ತಿದ್ದದ್ದು ಟಾರ್ಚ್ ಆಟ. ಚೌಕಳಿ ಕಾಗದದ ಮೇಲೆ ಟಾರ್ಚ್ ನೆಟ್ಟಗೆ ಹಿಡಿದರೆ ಇಷ್ಟು ಚೌಕ ಬೆಳಗುತ್ತದೆ, ಕಾಗದಕ್ಕೆ 30 ಡಿಗ್ರಿ ಕೋನ ಆಗುವಷ್ಟು ಓರೆ ಮಾಡಿದರೆ ಹತ್ತಿರ ಹತ್ತಿರ ಎರಡರಷ್ಟು. ಅದೇ ಬೆಳಕು, ಎರಡು ಪಾಲು ಜಾಗಕ್ಕೆ ಹಂಚಿಕೆ. ಮಕ್ಕಳು ಎಣಿಸುತ್ತಾರೆ, ಹೋ ಅನ್ನುತ್ತಾರೆ. ಮರುದಿನ ಬೇಸಿಗೆ ಯಾಕೆ ಸೆಕೆ ಅಂತ ಕೇಳಿದರೆ ಮತ್ತೆ "ಸೂರ್ಯ ಹತ್ತಿರ ಬರ್ತಾನೆ ಸಾರ್" ಅಂತಲೇ ಹೇಳುತ್ತಾರೆ.

ಎಂಟನೇ ಪೀರಿಯಡ್

ಆ ತಪ್ಪಿಗೆ ಅರ್ಧ ಕಾರಣ ಪುಸ್ತಕದ ಚಿತ್ರ. ಓರೆಯಿಂದ ನೋಡಿದಂತೆ ಬರೆಯುತ್ತಾರೆ, ಅದಕ್ಕೆ ಭೂಮಿಯ ದಾರಿ ಚಪ್ಪಟೆ ಮೊಟ್ಟೆಯ ಹಾಗೆ ಕಾಣುತ್ತದೆ. 10 ಸೆಂಟಿಮೀಟರ್ ತ್ರಿಜ್ಯದ ಉಂಗುರವಾಗಿ ಆ ದಾರಿಯನ್ನು ಬರೆದರೆ ನಿಜವಾದ ವೃತ್ತಕ್ಕೂ ಅದಕ್ಕೂ ಇರುವ ವ್ಯತ್ಯಾಸ ಪೆನ್ಸಿಲ್ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತದೆ. ಸೂರ್ಯ ಮಾತ್ರ ನಡುವಿನಿಂದ ಒಂದೂವರೆ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಸರಿದಿರುತ್ತಾನೆ. ಹತ್ತಿರ ಬರುವುದು ಜನವರಿ ಮೊದಲಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈ ಮೊದಲಲ್ಲಿ ದೂರ, ಸುಮಾರು 15.2 ಕೋಟಿ. ಉತ್ತರಾರ್ಧದಲ್ಲಿ ಚಳಿ ಇರುವಾಗಲೇ ಸೂರ್ಯ ಹತ್ತಿರ. ಲೈಬ್ರರಿಯಲ್ಲಿರುವ ಋತುಗಳ ಪುಸ್ತಕ ಎಲ್ಲ ತೆಗೆದು ಈ ಒಂದು ಚಿತ್ರ ಹೋಲಿಸಿ ನೋಡಿ. ಮಕ್ಕಳ ಕೈಲಿ ಮಾಡಿಸಿ, ಇನ್ನೂ ಚೆನ್ನ.

ಹಳೆ ಕಪಾಟು

ಎಲ್ಲ ತೆಗೆದು ಅಂದಿರಲ್ಲ, ಅದೇ ತಮಾಷೆ. ಡ್ಯೂಯಿ ಸಂಖ್ಯೆ, ಅಂದರೆ ಪುಸ್ತಕವನ್ನು ವಿಷಯದ ಪ್ರಕಾರ ಜೋಡಿಸುವ ಸಂಖ್ಯೆ, ಹಾಕಿದ ಲೈಬ್ರರಿಯಲ್ಲಿ ಋತು ಒಂದೇ ಕಡೆ ಸಿಗುವುದಿಲ್ಲ. ಪ್ರಕೃತಿಯ ಋತುಗಳು 508ರಲ್ಲಿ. ಭೂಮಿ ವಾಲಿದ್ದರಿಂದ ಆದ ಋತು 525ರಲ್ಲಿ, ಆಕಾಶದ ಪಕ್ಕ. ಮಳೆ ಗಾಳಿ ಹವಾಮಾನ 551ರಲ್ಲಿ. ಎಲೆ ಉದುರಿಸುವ ಮರ 582ರಲ್ಲಿ, ಚಿಟ್ಟೆ 595ರಲ್ಲಿ, ವಲಸೆ ಹಕ್ಕಿ 598ರಲ್ಲಿ. ಹೊಸಬರು ಇದನ್ನು ನೋಡಿ ತಲೆ ಚಚ್ಚಿಕೊಳ್ಳುತ್ತಾರೆ. ನೀವು ಚಚ್ಚಿಕೊಳ್ಳಬೇಡಿ. ಬಾಗಿಲ ಹತ್ತಿರ ಒಂದು ಮೇಜು ಹಾಕಿ, ಆ ತಿಂಗಳು ಹೊರಗೆ ಏನು ನಡೆಯುತ್ತಿದೆಯೋ ಅದಕ್ಕೆ ಬೇಕಾದದ್ದನ್ನು ಆರೂ ಕಪಾಟಿನಿಂದ ಎತ್ತಿ ಅಲ್ಲಿಡಿ. ಸಂಖ್ಯೆ ಬದಲಾಯಿಸಬೇಡಿ, ತಿಂಗಳು ಮುಗಿದರೆ ವಾಪಸ್. ಈ ಆಯ್ಕೆ ಬಯಲಲ್ಲಿ ಓಡಾಡಿದವರಿಗೇ ಬರುವುದು. ಏರೋಪ್ಲೇನ್ ಚಿಟ್ಟೆ ಯಾವ ವಾರ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತು.

ಪುಸ್ತಕ ತರಿಸುವಾಗ ಇದನ್ನೂ ನೋಡಿ. ಹೊರಗಿನಿಂದ ಬರುವ ಚಿತ್ರಪುಸ್ತಕಗಳಲ್ಲಿ ನಾಲ್ಕೇ ಋತು, ಅದರಲ್ಲಿ ಒಂದು ಹಿಮದ್ದು. ನಾವು ಆರು ಎಣಿಸಿದವರು. ಭೂಮಧ್ಯರೇಖೆಯ ಹತ್ತಿರದವರಿಗೆ ಮಳೆ ಇರುವ ಕಾಲ, ಇಲ್ಲದ ಕಾಲ ಅಷ್ಟೇ. ನಾಲ್ಕು ತಪ್ಪು ಅಂತಲ್ಲ, ಅದು ಒಂದು ಊರಿನ ಲೆಕ್ಕ.

ಶಿಬಿರದ ಚೀಲ

ನಾನೂ ಸೀಸನ್ ಮೇಷ್ಟ್ರು, ಈಗ ಅರ್ಧ ಹೊತ್ತು ಲೈಬ್ರರಿ. ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ.

ಸೇರಿದ ಕೂಡಲೇ ನನ್ನ ಶಿಬಿರದ ಸಾಮಾನೆಲ್ಲ ತಂದು, ಪುಸ್ತಕದ ಹಾಗೇ ಮನೆಗೆ ಕೊಡುತ್ತೇನೆ ಅಂತ ಶುರು ಮಾಡಿದೆ. ಐಡಿಯಾ ಒಳ್ಳೆಯದೇ. ಭೂತಗನ್ನಡಿ ಒಂದು ಡಬ್ಬಿ, ದಿಕ್ಸೂಚಿ ಒಂದು ಡಬ್ಬಿ, ಅಯಸ್ಕಾಂತ ಒಂದು ಡಬ್ಬಿ. ಜಾಗ ಸಾಲದೆ ಕೊನೆಯ ಎರಡನ್ನು ಒಂದರ ಮೇಲೊಂದು ಇಟ್ಟೆ. ರಜೆ ಮುಗಿಸಿ ಬಂದು ನೋಡಿದರೆ ಆರು ದಿಕ್ಸೂಚಿಯಲ್ಲಿ ಎರಡು ಉತ್ತರವನ್ನು ದಕ್ಷಿಣ ಅನ್ನುತ್ತಿವೆ. ಮುಳ್ಳಿನ ಧ್ರುವವೇ ತಿರುಗಿಬಿಟ್ಟಿತ್ತು. ಕಂಡುಹಿಡಿದದ್ದು ನಾನಲ್ಲ, ಆರನೇ ತರಗತಿಯ ಹುಡುಗ. ಎರಡು ದಿಕ್ಸೂಚಿ ಮನೆಗೆ ಒಯ್ದು, ಪಕ್ಕ ಪಕ್ಕ ಇಟ್ಟು ನೋಡಿ, "ಇವೆರಡೂ ಜಗಳ ಆಡ್ತಿವೆ ಸಾರ್" ಅಂತ ವಾಪಸ್ ತಂದ. ಬಲವಾದ ಅಯಸ್ಕಾಂತದಿಂದ ಮುಳ್ಳನ್ನು ಒಂದೇ ದಿಕ್ಕಿಗೆ ಉಜ್ಜಿ ಸರಿ ಮಾಡಿದೆವು. ಒಂದನ್ನು ಬೇಕಂತಲೇ ಹಾಗೇ ಬಿಟ್ಟಿದ್ದೇವೆ, ಮೇಲೆ "ತಲೆಕೆಳಗು" ಅಂತ ಚೀಟಿ. ಅತಿ ಜಾಸ್ತಿ ಹೊರಗೆ ಹೋಗುವ ಸಾಮಾನು ಈಗ ಅದೇ.

ಎರಡನೇ ತಪ್ಪು ಬೀಜ. ಪುಸ್ತಕಪಟ್ಟಿಯ ಹಳೆಯ ಕಾರ್ಡ್ ಡ್ರಾಯರ್‌ಗಳು ಖಾಲಿ ಇದ್ದವು, ಅವರೆ, ಹೆಸರು, ಸೂರ್ಯಕಾಂತಿ ಅಂತ ತುಂಬಿದೆ. ಮಕ್ಕಳು ಬೀಜ ತಗೊಂಡು, ಬೆಳೆದು, ಬೀಜವನ್ನೇ ವಾಪಸ್ ಕೊಡಬೇಕು. ಒಂದು ಸೋಮವಾರ ಡ್ರಾಯರ್ ತೆಗೆದರೆ ಬೀಜಕ್ಕೆಲ್ಲ ಗುಂಡು ತೂತು, ಕಂದು ಹುಳ ಒಳಗಿಂದ ಹೊರಬಂದು ನಡೆದಾಡುತ್ತಿದೆ. ಪುಸ್ತಕಕ್ಕೆ ಏನೂ ಆಗಲಿಲ್ಲ, ಆದರೆ ಲೈಬ್ರರಿಯಲ್ಲಿ ಹುಳ ಅನ್ನುವ ಸುದ್ದಿ ಸ್ಟಾಫ್ ರೂಮ್‌ಗೆ ಹೋಗಲು ಹತ್ತು ನಿಮಿಷ ಸಾಕಾಯ್ತು. ಈಗ ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿ ಇಡುತ್ತೇನೆ.

ಗೆದ್ದಲು

ನನಗೆ ಅನ್ನಿಸುವುದು, ಇದೆಲ್ಲ ಮಾಡುತ್ತಾ ಹೋದರೆ ಲೈಬ್ರರಿ ಹೋಗಿ ಲ್ಯಾಬ್ ಆಗುತ್ತದೆ. ಮೂಲೆಯಲ್ಲಿ ಕೂತು ಕಥೆ ಓದುವ ಮಗುವಿಗೆ ಯಾರಿದ್ದಾರೆ? ವಿಜ್ಞಾನದ ಮೇಷ್ಟ್ರು ಲೈಬ್ರರಿಗೆ ಬಂದರೆ ಮೊದಲ ವರ್ಷದ ಹಣವೆಲ್ಲ ಡೈನೋಸಾರ್ ಮತ್ತು ಗ್ರಹಗಳಿಗೆ ಹೋಗುತ್ತದೆ. ಕಣ್ಣಾರೆ ನೋಡಿದ್ದೇನೆ.

ಹಳೆ ಕಪಾಟು

ಒಪ್ಪುತ್ತೇನೆ. ನೆರಳುಕೋಲು ಅವರೇ, ಇದನ್ನು ಹಗುರ ಮಾಡಬೇಡಿ. ಮೊದಲ ವರ್ಷ ನಿಮಗೆ ಇಷ್ಟವಿಲ್ಲದ ವಿಭಾಗಕ್ಕೇ ಮೊದಲು ಖರ್ಚು ಮಾಡಿ. ಕವಿತೆ, ನಾಟಕ, ಹಾಸ್ಯ. ಗೊತ್ತಿಲ್ಲದಿದ್ದರೆ ಭಾಷಾ ಮೇಷ್ಟ್ರನ್ನು ಕೇಳಿ, ಮಕ್ಕಳನ್ನೂ ಕೇಳಿ. ಹೊಣೆ ಹೊತ್ತವರು ತಮ್ಮ ರುಚಿಯನ್ನೇ ಕಪಾಟಿಗೆ ತುಂಬಿದರೆ ಅದು ಅವರ ಮನೆಯ ಲೈಬ್ರರಿ.

ಎಂಟನೇ ಪೀರಿಯಡ್

ಗ್ರಹಗಳ ಮಾತು ಬಂತಲ್ಲ. ಒಂಬತ್ತು ಗ್ರಹ ಅಂತಿರುವ ಪುಸ್ತಕ ಏನು ಮಾಡುತ್ತೀರಿ? 2006ರಲ್ಲೇ ಪ್ಲೂಟೊವನ್ನು ಕುಬ್ಜ ಗ್ರಹ ಅಂದರು.

ಹಳೆ ಕಪಾಟು

ಒಂದು ಉಳಿಸಿ, ಉಳಿದದ್ದು ತೆಗೀತೀನಿ. ಉಳಿಸಿದ್ದರ ಪಕ್ಕ ಎಂಟು ಗ್ರಹದ ಪುಸ್ತಕ, ಎರಡರ ಮೇಲೂ ಅಚ್ಚಾದ ವರ್ಷ ದೊಡ್ಡದಾಗಿ ಬರೆದ ಚೀಟಿ. ಶನಿಯ ಉಪಗ್ರಹದ ಸಂಖ್ಯೆಯಂತೂ ಪುಸ್ತಕದಲ್ಲಿ ನಂಬಲೇಬೇಡಿ. 2025ರಲ್ಲಿ 274ಕ್ಕೆ ಹೋಯ್ತು. ಮಕ್ಕಳು ಯಾವುದೇ ಪುಸ್ತಕ ತೆಗೆದರೂ ಮೊದಲು ಅಚ್ಚಾದ ವರ್ಷದ ಪುಟ ತಿರುಗಿಸುವ ಅಭ್ಯಾಸ ಬಂದರೆ ನನಗೆ ಅಷ್ಟು ಸಾಕು.

ನೆರಳುಕೋಲು

ಎರಡು ತಿಂಗಳು ಇಲ್ಲಿ ಬರಲಾಗಲಿಲ್ಲ. ಒಪ್ಪಿಕೊಂಡೆ.

ಗೆದ್ದಲು ಹೇಳಿದ ಮೂರನ್ನೂ ಕೇಳಿದೆ. ಹಣ ಬರಹದಲ್ಲಿ ಕೊಟ್ಟರು. ಕಳೆದ ಪುಸ್ತಕಕ್ಕೆ ದಂಡ ಇಲ್ಲ ಅಂತಲೂ ಬರೆದುಕೊಟ್ಟರು. ಬದಲಿ ಪೀರಿಯಡ್‌ಗೆ ಮಾತ್ರ ನಕ್ಕು ಸುಮ್ಮನಾದರು, ವಾರಕ್ಕೆ ಎರಡು ಬೀಳುತ್ತಿದೆ. ನಾನು ಆ ತರಗತಿಯನ್ನೇ ಲೈಬ್ರರಿಗೆ ಕರೆತರುತ್ತೇನೆ, ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಮೊದಲ ಕಂತಿನ ಹಣ ನಾಟಕ ಮತ್ತು ಕವಿತೆಗೆ ಹೋಯ್ತು. ಡೈನೋಸಾರ್ ಒಂದೇ ಒಂದು, ಆಣೆ ಮಾಡಿ ಹೇಳುತ್ತೇನೆ.

ಕಿಟಕಿಯ ತೂತು ಅಕ್ಟೋಬರ್ ಕೊನೆಗೆ ಶುರು ಮಾಡಿದೆವು, ಪ್ರತಿ ಗುರುವಾರ ಒಂಬತ್ತೂ ಕಾಲಿಗೆ. ಎರಡನೇ ವಾರ ಯಾರೋ ಗುಡಿಸುವಾಗ ಸ್ಟಿಕ್ಕರ್ ಕಿತ್ತುಹೋಯ್ತು, ಈಗ ಮೇಲೆ ಪಾರದರ್ಶಕ ಟೇಪ್. ಒಂದು ಗುರುವಾರ ಮೋಡ. ಒಟ್ಟು ಏಳು ಚುಕ್ಕೆ ಇವೆ. ನಿನ್ನೆ ನಾಲ್ಕನೇ ತರಗತಿಯವನೊಬ್ಬ ಮೊಣಕಾಲೂರಿ ಕೂತು ಚುಕ್ಕೆಗಳ ನಡುವೆ ಬೆರಳಿಟ್ಟು ಅಳೆಯುತ್ತಿದ್ದ. ಮೊದಮೊದಲು ಬೆರಳುಗಳು ಜಾಸ್ತಿ ಹಿಡಿಯುತ್ತಿದ್ದವಂತೆ, ಈಗೀಗ ಕಡಿಮೆಯೇ ಹಿಡಿಯುತ್ತವೆ. "ಸೂರ್ಯನಿಗೆ ಸುಸ್ತಾಯ್ತಾ ಸಾರ್?" ಅಂದ. ನಾನು ಉತ್ತರ ಹೇಳಲಿಲ್ಲ. ಡಿಸೆಂಬರ್ ಮೂರನೇ ವಾರ ಕಳೆಯಲಿ, ಆಮೇಲೆ ಚುಕ್ಕೆ ಯಾವ ಕಡೆ ಹೋಗುತ್ತದೆ ನೋಡಿ ನೀನೇ ಹೇಳು ಅಂದೆ. ಆರು ವರ್ಷದಲ್ಲಿ ಮೊದಲ ಸಲ ಒಂದು ಮಗುವಿಗೆ ಹಾಗೆ ಹೇಳಿದ್ದು. ಅವನು ಎಲ್ಲೂ ಹೋಗುವುದಿಲ್ಲ, ನಾನೂ ಹೋಗುವುದಿಲ್ಲ.

ಈಗ ತೊಂದರೆ ಒಂದೇ. ವರ್ಷದ ಕೊನೆಯ ದೊಡ್ಡ ರಜೆಯಲ್ಲಿ ಶಾಲೆ ಮುಚ್ಚಿರುತ್ತದೆ. 8ರಲ್ಲಿ ಆ ತುಂಡು ಖಾಲಿ ಬೀಳುತ್ತದೆ.

ಶಿಬಿರದ ಚೀಲ

ಆ ರಜೆಯಲ್ಲೇ ಅಲ್ವಾ ಶಿಬಿರ? ಲೈಬ್ರರಿಯಲ್ಲೇ ಇಡಿ. ನಾನು ಬರುತ್ತೇನೆ, ದಿಕ್ಸೂಚಿ ತರುತ್ತೇನೆ.

ಗೆದ್ದಲು

ತಲೆಕೆಳಗಿನದ್ದೂ ತನ್ನಿ. ರಜೆಗೆ ಮೊದಲೇ ಬೀಗದ ಕೈ ಬರಹದಲ್ಲಿ ತಗೊಳ್ಳಿ.